ಬೇಕರಿ ಮಾವನ ಗಾಯ ಮತ್ತು ನಾಲ್ಕನೇ ಸಲದ ಬಿಸ್ಕತ್ತು

ಇಡೀ ಬೀದಿಗೆ ಬನ್ನು ಒದಗಿಸುತ್ತಿದ್ದ ಬೇಕರಿ ಮಾವನಿಗೆ ತಾವು ತಿನ್ನುವುದೆಂದರೆ ಮಾತ್ರ ಅಲರ್ಜಿ. ಮೂವತ್ತೆರಡು ವರ್ಷ ಒಲೆಯ ಮುಂದೆ ನಿಂತು ನಿಂತು, ವಾಸನೆಗೇ ಹೊಟ್ಟೆ ತುಂಬುತ್ತಿತ್ತಂತೆ. ಟೀ, ಸಿಗರೇಟು, ಮತ್ತೆ ಟೀ. ಅರವತ್ತಕ್ಕೆ ಬಲಗಾಲಿನ ರಕ್ತನಾಳ ಕಟ್ಟಿಕೊಂಡು, ಹತ್ತು ಹೆಜ್ಜೆ ಇಡುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳತೊಡಗಿತು.

ಆಪರೇಷನ್ ಆಯಿತು. ಡಾಕ್ಟರು ಅವರದೇ ತೊಡೆಯಿಂದ ರಕ್ತನಾಳವೊಂದನ್ನು ತೆಗೆದು ಜೋಡಿಸಿ, ರಕ್ತಕ್ಕೆ ಹೊಸ ದಾರಿ ಮಾಡಿಕೊಟ್ಟರು. ತಣ್ಣಗಿದ್ದ ಪಾದ ಬೆಚ್ಚಗಾಯಿತು. ಸಿಗರೇಟನ್ನು ಹೆಂಡತಿ ಬಿಡಿಸಿದರು. ಆದರೆ ಮೊಣಕಾಲ ಕೆಳಗೆ ಕೊಯ್ದ ಗಾಯ ಐದು ವಾರವಾದರೂ ಕೂಡಿಕೊಳ್ಳಲಿಲ್ಲ.

ಡ್ರೆಸ್ಸಿಂಗ್ ಕೋಣೆಗೆ ಬಂದ ಆಹಾರ ತಜ್ಞೆ, ಮಗಳ ವಯಸ್ಸಿನವಳು, ಕೇಳಿದಳು: "ನಿನ್ನೆ ಏನೇನ್ ತಿಂದ್ರಿ ಅಂಕಲ್?"

"ಎರಡು ರಸ್ಕು. ಟೀ ಎಷ್ಟು ಅಂತ ನೆನಪಿಲ್ಲಮ್ಮ."

"ಏಳು," ಎಂದರು ಹೆಂಡತಿ ಬಾಗಿಲಿನಿಂದಲೇ.

"ಡಾಕ್ಟ್ರೇನೋ ರಕ್ತ ಹರಿಸಿಕೊಟ್ರು. ಅದು ಬರಿಗೈಲಿ ಬಂದ್ರೆ ಗಾಯ ಹೇಗೆ ಮಾಯುತ್ತೆ ಅಂಕಲ್?" ಎಂದು ಅವಳು ಮೊಟ್ಟೆ, ಹಣ್ಣು, ದಿನಕ್ಕೆರಡು ಸಲ ಪ್ರೋಟೀನ್ ಪುಡಿ ಬರೆದುಕೊಟ್ಟಳು.

ಹೆಂಡತಿ ಪುಡಿ ಕಲಸಿಕೊಟ್ಟ ಮೊದಲ ಲೋಟಕ್ಕೇ ಮಾವ ಮುಖ ಕಿವುಚಿದರು. "ಗೋಡೆಗೆ ಬಳಿಯೋದನ್ನ ಕುಡಿಸ್ತಿದೀಯಲ್ಲೇ!" ಎರಡು ದಿನ ಹಟ ಮಾಡಿ, ಮೂರನೆಯ ದಿನ ಕುಂಟುತ್ತಾ ಬೇಕರಿಗೆ ಹೋಗಿ ಆಹಾರ ತಜ್ಞೆಗೆ ಫೋನ್ ಮಾಡಿದರು.

"ಒಲೇಲಿ ಬೇಯಿಸಿದ್ರೆ ಈ ಪುಡಿಯ ಸತ್ವ ಹೋಗಿಬಿಡುತ್ತೇನಮ್ಮಾ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಪ್ರೋಟೀನ್ ಎಲ್ಲೂ ಹೋಗಲ್ಲ. ಅಳತೆ ಮಾತ್ರ ತಪ್ಪಬಾರ್ದು."

ಅಳತೆ ಮಾವನಿಗೆ ಹೇಳಿಕೊಡಬೇಕೇ? ಮೊಟ್ಟೆ, ಬಾದಾಮಿ ತರಿ, ಪುಡಿ ಸೇರಿಸಿ ಕಲಸಿದರು. ಮೊದಲ ಸಲದ ಬಿಸ್ಕತ್ತು ಇಟ್ಟಿಗೆಯಾಯಿತು. "ಬಾಗಿಲಿಗೆ ಒತ್ತು ಕೊಡೋಕೆ ಚೆನ್ನಾಗಿದೆ ರೀ," ಎಂದರು ಹೆಂಡತಿ. ಎರಡನೆಯದು ಮರಳಿನಂತೆ ಉದುರಿತು. ಮೂರನೆಯದನ್ನು ಬೆಕ್ಕೂ ಮೂಸಲಿಲ್ಲ. ನಾಲ್ಕನೆಯದನ್ನು ಹೆಂಡತಿ ಒಂದು ತಿಂದು, ಇನ್ನೊಂದಕ್ಕೆ ಕೈ ಹಾಕಿದರು.

"ಅದು ನನ್ನ ಔಷಧಿ ಕಣೇ!"

"ರುಚಿ ನೋಡ್ತಿದೀನಿ, ಸುಮ್ನಿರಿ."

ಮೂರು ವಾರಕ್ಕೆ ಗಾಯದ ಅಂಚು ಕೆಂಪಗೆ ಚಿಗುರಿತು. ಎರಡು ತಿಂಗಳಿಗೆ ಪೂರ್ತಿ ಮುಚ್ಚಿತು. ಎಲ್ಲವೂ ಬಿಸ್ಕತ್ತಿನ ಮಹಿಮೆ ಎಂದು ಮಾವ ಆಸ್ಪತ್ರೆಯಲ್ಲಿ ಬೀಗಿದರೆ, ಆಹಾರ ತಜ್ಞೆ ಅಡ್ಡಡ್ಡ ತಲೆಯಾಡಿಸಿದಳು. "ಮೊಟ್ಟೆ, ಹಣ್ಣು, ದಿನಾ ನಡೆದದ್ದು, ಸಿಗರೇಟು ಬಿಟ್ಟದ್ದು, ಎಲ್ಲಾ ಸೇರಿದೆ ಅಂಕಲ್."

ಪಕ್ಕದಲ್ಲಿ ಕೂತಿದ್ದ ರೋಗಿಯೊಬ್ಬರು ತಮಗೂ ಬೇಕೆಂದಾಗ ಮಾವ ಬಿಸ್ಕತ್ತಿನ ಡಬ್ಬಿ ಮುಚ್ಚಿದರು. "ಮೊದ್ಲು ಈ ಮೇಡಂನ ಕೇಳಿ. ಕಿಡ್ನಿ ತೊಂದ್ರೆ ಗಿಂದ್ರೆ ಇದ್ರೆ ಇದು ಆಗಿಬರಲ್ಲ."

ಈಗ ದಿನಾ ಹತ್ತು ಗಂಟೆಗೆ ಬೇಕರಿಯ ಕೌಂಟರಿನ ಮೇಲೆ ಒಂದು ರಟ್ಟು ನಿಲ್ಲುತ್ತದೆ: "ಮಾಲೀಕರು ತಿನ್ನುತ್ತಿದ್ದಾರೆ. ಹದಿನೈದು ನಿಮಿಷ ಕಾಯಿರಿ." ಗಿರಾಕಿಗಳು ಗೊಣಗುತ್ತಲೇ ಕಾಯುತ್ತಾರೆ.