ಗಂಜಿಯಲ್ಲಿ ಅಂಟಿಸಿದ ಗಾಜು

ಹಂಸಾಬೆನ್ ಫೋನ್ ಮಾಡಿದಾಗ ನಾನು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಕೋವಿಡ್ ಕಳೆದ ಮೇಲಿನ ಎರಡನೆಯ ಡಿಸೆಂಬರ್ ಅದು. ನಮ್ಮವರಿಗೆ ವಿಮಾ ಕಚೇರಿಯಿಂದ ಅಹಮದಾಬಾದಿಗೆ ವರ್ಗವಾಗಿ ಏಳು ವರ್ಷ. ಚಾಂದ್‌ಖೇಡಾದಲ್ಲಿ ಬಾಡಿಗೆ ಫ್ಲ್ಯಾಟು. ಮನೆಗೆಲಸ ಮುಗಿಸಿ ವಾರಕ್ಕೆ ನಾಲ್ಕು ದಿನ ನಾನು ನರೋಡಾದಲ್ಲಿ ಹಂಸಾಬೆನ್ನರ ಶೆಡ್ಡಿಗೆ ಹೋಗುತ್ತಿದ್ದೆ. ಒಂದು ಕಾಲಕ್ಕೆ ಅವರ ಯಜಮಾನರ ಲೇತ್ ಮಷೀನುಗಳಿದ್ದ ಶೆಡ್ಡು. ಅವರು ತೀರಿಕೊಂಡ ಮೇಲೆ ಹಂಸಾಬೆನ್ ಮಷೀನು ಮಾರಿ, ತಿರುಗಣೆ, ಕಿಲ್ನ್ ತಂದು ಮಣ್ಣಿನ ಪಾತ್ರೆ ಮಾಡಲು ಕೂತರು. ಕಿಲ್ನ್ ಎಂದರೆ ನಮ್ಮ ಕುಂಬಾರರ ಆವಿಗೆಯೇ, ಕರೆಂಟಿನದು. ಆ ಕಿಲ್ನ್ ನನ್ನ ಪಾಲಿನ ಕೆಲಸ. ಯಾವ ಪಾತ್ರೆ ಒಳಗಿನ ಯಾವ ಸುಟ್ಟ ಮಣ್ಣಿನ ಹಲಗೆಯ ಮೇಲೆ, ಎಷ್ಟು ಅಂತರದಲ್ಲಿ ಕೂರಬೇಕು, ಯಾವಾಗ ಬಿಸಿ ಏರಿಸಬೇಕು, ಯಾವಾಗ ಬಾಗಿಲು ತೆಗೆಯಬೇಕು, ಎಲ್ಲ ನಾನು ನೋಡುತ್ತಿದ್ದೆ.

ಫೋನಿನಲ್ಲಿ ಹಂಸಾಬೆನ್ ಹೇಳಿದ್ದಿಷ್ಟು: ವಡೋದರಾದಲ್ಲಿ ಒಂದು ಪ್ರದರ್ಶನವಿದೆ, ನಮ್ಮ ಶೆಡ್ಡಿನಿಂದ ಒಂದೇ ಒಂದು ದೀಪದ ಮಡಕೆ ಕೇಳಿದ್ದಾರೆ, ಸಂಧ್ಯಾಳ ಗಾಜಿನ ಮಡಕೆ ಕಳಿಸೋಣ ಎಂದುಕೊಂಡಿದ್ದೇನೆ. ಕೊನೆಗೆ ಹಿಂದಿಯಲ್ಲಿ, "ವನಜಾಬೆನ್, ನೀನೇ ಸುಡಬೇಕು. ನಿನ್ನ ಕೈ ಮೇಲೆ ನನಗೆ ಭರವಸೆ" ಎಂದರು.

ಸರಿ ಎಂದು ಫೋನಿಟ್ಟೆ. ಆಮೇಲೆ ನೋಡಿದರೆ ಎಲೆಯನ್ನು ಕಸಕ್ಕೆ ಹಾಕಿ ಕಡ್ಡಿಯನ್ನು ಬುಟ್ಟಿಗೆ ಹಾಕಿದ್ದೆ.

ಈ ಸಂಧ್ಯಾಳನ್ನು ಶೆಡ್ಡಿಗೆ ಕರೆತಂದವಳು ನಾನೇ. ಧಾರವಾಡದ ಕಡೆಯ ಹುಡುಗಿ, ಗಂಡ ರೈಲ್ವೆಯಲ್ಲಿ. ಕನ್ನಡದವರ ರಾಜ್ಯೋತ್ಸವದ ಊಟದಲ್ಲಿ ನನ್ನ ಪಕ್ಕ ಕೂತು, ಈ ಊರಿನಲ್ಲಿ ಮಾತಾಡಲು ಒಬ್ಬರೂ ಇಲ್ಲವೆಂದು ಕಣ್ಣು ತುಂಬಿಕೊಂಡಿದ್ದಳು. ಮರುವಾರವೇ ಜೊತೆಯಲ್ಲಿ ಕರೆದೊಯ್ದೆ. ಮಣ್ಣು ನಾದುವುದನ್ನು ನಾನು ಕಲಿಸಿದೆ. ಒಂದು ವರ್ಷ ಕಳೆದಿತ್ತು, ಅಷ್ಟೆ.

ಗಾಜಿನ ಹುಚ್ಚು ಅವಳಿಗೆ ಹತ್ತಿದ್ದು ಒಡೆದ ಗೋಲಿ ಸೋಡಾ ಬಾಟಲಿಯಿಂದ. ಅದರ ಚೂರುಗಳನ್ನು ತಟ್ಟೆಯ ನಡುವೆ ಹಾಕಿ ಸುಟ್ಟಳು. ನಮ್ಮ ಕಿಲ್ನ್ ಸಾವಿರದ ಇನ್ನೂರು ಡಿಗ್ರಿ ದಾಟುತ್ತದೆ. ಆ ಶಾಖದಲ್ಲಿ ಗಾಜು ಜೇನುತುಪ್ಪದಂತೆ ಕರಗಿ ತಗ್ಗಿಗೆ ಹರಿದು ನಿಲ್ಲುತ್ತದೆ. ತಣ್ಣಗಾಗುವಾಗ ಗಾಜು ಮಣ್ಣಿಗಿಂತ ಹೆಚ್ಚು ಕುಗ್ಗುವುದರಿಂದ ಅದರೊಳಗೆ ಸಣ್ಣ ಸಣ್ಣ ಬಿರುಕಿನ ಬಲೆ ಮೂಡುತ್ತದೆ. ಅದೇ ಅದರ ಚಂದ. ಊಟಕ್ಕೆ ಬಾರದು, ನೋಡಲಿಕ್ಕೆ ಮಾತ್ರ. ಅವಳ ಮೊದಲ ತಟ್ಟೆ ಹೊರಬಂದಾಗ ಕಲ್ಯಾಣಿಯ ತಿಳಿನೀರನ್ನು ಮೇಲಿಂದ ಬಗ್ಗಿ ನೋಡಿದ ಹಾಗಿತ್ತು. ಹಂಸಾಬೆನ್ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಅಲ್ಲಿ ಐದು ವರ್ಷದಿಂದ ನನ್ನ ಬಟ್ಟಲು ಇತ್ತು. ಅದನ್ನು ತೆಗೆದು ಜರಡಿ ಇಡುವ ಗೂಡಿಗೆ ಸೇರಿಸಿದರು. ಬೇಕೆಂದು ಮಾಡಲಿಲ್ಲ, ಅದು ನನಗೆ ಗೊತ್ತು. ಗೊತ್ತಿದ್ದರೆ ಉರಿ ಕಡಿಮೆಯಾಗುತ್ತದೆಯೇ?

ನಾನೂ ಗುಟ್ಟಾಗಿ ಒಮ್ಮೆ ಪ್ರಯತ್ನಿಸಿದೆ. ಹೆಚ್ಚಿದ ಬಳೆ ಚೂರುಗಳನ್ನು ಡಬ್ಬಿಯಲ್ಲಿ ಕೂಡಿಟ್ಟಿದ್ದೆ; ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕೆಂದು ನಮ್ಮಮ್ಮ ಕಲಿಸಿದ್ದರು. ಆ ಕೆಂಪು ಬಳೆಗಳು ಕಿಲ್ನ್‌ನಲ್ಲಿ ಕೆಂಪನ್ನೆಲ್ಲ ಕಳೆದುಕೊಂಡು ಕೊಚ್ಚೆಯ ಬಣ್ಣಕ್ಕೆ ತಿರುಗಿದವು. ಯಾರೂ ನೋಡುವ ಮೊದಲು ಬಿಸಾಡಿದೆ. ಆ ದಿನ ಹಲಗೆ ಹಾಳಾಗಲಿಲ್ಲ, ಅದೊಂದು ದೇವರ ದಯೆ.

ಮನೆಯಲ್ಲಿ ನಮ್ಮವರ ಮುಂದೆ ಅವಳ ಮಾತೇ ಆಡುತ್ತಿದ್ದೆನಂತೆ. ಒಂದು ದಿನ ಅವರು, "ಅವಳ ತಟ್ಟೆ ಚೆನ್ನಾಗಿದೆ, ಆಯ್ತು ಕಣೆ. ಅದಕ್ಕೆ ನನ್ನ ಪಲ್ಯಕ್ಯಾಕೆ ಉಪ್ಪಿಲ್ಲ?" ಎಂದರು.

ವಡೋದರಾಕ್ಕೆಂದು ಸಂಧ್ಯಾ ಮಾಡಿದ್ದು ತೂತಿನ ಮಡಕೆ. ಗುಜರಾತಿನಲ್ಲಿ ನವರಾತ್ರಿಗೆ ಒಳಗೆ ದೀಪ ಹಚ್ಚಿಟ್ಟು ಪೂಜಿಸುವ ಗರಬೊ ಇದೆಯಲ್ಲ, ಆ ಆಕಾರ. ಒಂದೊಂದು ತೂತಿನ ಸುತ್ತಲೂ ಗಾಜಿನ ಉಂಗುರ ಬರಬೇಕೆಂದು ಅವಳ ಆಸೆ. ಗಾಜು ಮಲಗಿದ ತಟ್ಟೆಯಲ್ಲಿ ನಿಲ್ಲುತ್ತದೆ. ನೆಟ್ಟಗೆ ನಿಂತ ಗೋಡೆಗೆ ಹೇಗೆ ನಿಲ್ಲಬೇಕು? ಅವಳು ಉಪಾಯ ಹುಡುಕಿದ್ದಳು. ಉತ್ತರಾಯಣಕ್ಕೆ, ಅಂದರೆ ನಮ್ಮ ಸಂಕ್ರಾಂತಿಗೆ, ಮುಂಚೆ ಈ ಊರಿನ ರಸ್ತೆ ಬದಿಯಲ್ಲಿ ಗಾಳಿಪಟದ ಮಾಂಜಾ ದಾರ ತಯಾರಿಸುವವರು ಕಂಬದಿಂದ ಕಂಬಕ್ಕೆ ದಾರ ಎಳೆದು, ಗಾಜಿನ ಪುಡಿಯನ್ನು ಬೆಂದ ಅನ್ನದಲ್ಲಿ ಕಲಸಿ ಕೈಯಿಂದ ಸವರುತ್ತಾರೆ. ಆರು ಚಳಿಗಾಲ ನಾನು ಅದರ ಪಕ್ಕದಲ್ಲೇ ನಡೆದು ಬಸ್ಸು ಹಿಡಿದಿದ್ದೇನೆ. ಇವಳು ಒಂದೇ ಸಲ ನಿಂತು ನೋಡಿ, ಮಾತಾಡಿಸಿ, ಪೊಟ್ಟಣದಲ್ಲಿ ಗಾಜಿನ ಪುಡಿ ತಂದಳು.

ಮಡಕೆಯನ್ನು ನನ್ನ ಕೈಗಿಟ್ಟು ಕೇಳಿದಳು. "ಅಕ್ಕಾರ, ಗಂಜಿಯೊಳಗ ಕಲಸಿ ಹಚ್ಚೀನ್ರಿ. ದಾರಕ್ಕ ನಿಲ್ಲತೈತಿ, ಮಡಕಿಗೆ ನಿಲ್ಲೂದಿಲ್ಲೇನ್ರಿ?"

ನಿಲ್ಲುವುದಿಲ್ಲ. ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಗಂಜಿ ತಳ ಹಿಡಿದ ಪಾತ್ರೆಯನ್ನು ಎಷ್ಟು ಸಲ ತಿಕ್ಕಿಲ್ಲ ನಾನು? ಮುನ್ನೂರು ಡಿಗ್ರಿಗೇ ಗಂಜಿ ಸುಟ್ಟು ಬೂದಿಯಾಗುತ್ತದೆ. ಉಳಿದ ಪುಡಿ ಕರಗಿ ಗೋಡೆಗುಂಟ ಇಳಿದು ಹಲಗೆಗೆ ಅಂಟುತ್ತದೆ. ಶೆಡ್ಡಿನಲ್ಲಿ ಒಂದು ನಿಯಮವೂ ಇತ್ತು: ಹರಿಯಬಹುದಾದ ಯಾವ ಪಾತ್ರೆಯ ಕೆಳಗಾದರೂ ಹಳೆಯ ಮಣ್ಣಿನ ತಟ್ಟೆಯೊಂದನ್ನು ಇಡಬೇಕು, ಅನುಮಾನ ಬಂದರೆ ಕಿಲ್ನ್ ನೋಡುವವಳು ಬಾಗಿಲು ಹಾಕುವ ಮೊದಲೇ ಹೇಳಬೇಕು. ಆ ನಿಯಮ ಮಾಡಿದವಳು ನಾನು.

"ಹಾಕಿ ನೋಡೋಣ" ಎಂದೆ. ಕೆಳಗೆ ತಟ್ಟೆ ಇಡಲಿಲ್ಲ.

ನಮ್ಮ ಕಿಲ್ನ್ ಮೇಲೆ ಸಣ್ಣ ಮಣ್ಣಿನ ಗಣಪತಿ ಕೂತಿದ್ದಾನೆ. ಪ್ರತಿ ಸಲ ಬಾಗಿಲು ಹಾಕಿದ ಮೇಲೆ ಅವನಿಗೆ ಕೈ ಮುಗಿದು, ಬಾಗಿಲಿಗೆ ಕುಂಕುಮ ಹಚ್ಚಿ, ಆಮೇಲೆ ಸ್ವಿಚ್ ಹಾಕುವುದು ನನ್ನ ಪದ್ಧತಿ. ಆ ಬೆಳಿಗ್ಗೆಯೂ ಕುಂಕುಮದ ಭರಣಿ ಕೈಯಲ್ಲಿತ್ತು. ಮುಚ್ಚಳ ತೆಗೆಯಲು ಮನಸ್ಸು ಬರಲಿಲ್ಲ. ಹಾಳಾಗಲಿ ಎಂದು ದೇವರನ್ನು ಕೇಳಿಕೊಳ್ಳಲಿಲ್ಲ, ಸತ್ಯವಾಗಿ. ಚೆನ್ನಾಗಿ ಬರಲಿ ಎಂದೂ ಕೇಳಿಕೊಳ್ಳಲಿಲ್ಲ.

ಬಿಸಿ ಏರಲು ಒಂಬತ್ತು ಗಂಟೆ, ಆರಲು ಒಂದು ಇಡೀ ದಿನ. ಮೂರನೆಯ ದಿನ ಬೆಳಿಗ್ಗೆ ಮೂವರೂ ಸೇರಿ ಬಾಗಿಲು ತೆಗೆದೆವು. ಗಾಜು ಕಣ್ಣೀರಿನ ಹಾಗೆ ಒಂದೊಂದು ತೂತಿನಿಂದಲೂ ಕೆಳಗಿಳಿದಿತ್ತು. ಅರ್ಧ ತೂತುಗಳು ಮುಚ್ಚಿಹೋಗಿದ್ದವು. ಮಡಕೆ ಹಲಗೆಗೆ ಎರಕ ಹೊಯ್ದಂತೆ ಅಂಟಿತ್ತು. ಹಂಸಾಬೆನ್ ಬುಡಕ್ಕೆ ಮೆಲ್ಲನೆ ತಟ್ಟಿದರೆ ಬುಡ ಅಲ್ಲೇ ಉಳಿದು ಮೇಲಿನ ಭಾಗ ಕೈಗೆ ಬಂತು. ಕಿಲ್ನ್ ಒಳಗಿನ ತಂತಿಗಳಿಗೆ ಏನೂ ಆಗಿರಲಿಲ್ಲ. ಅಷ್ಟಾದರೂ ಉಳಿಯಿತು ಎಂದುಕೊಂಡೆ.

ಹಂಸಾಬೆನ್ ನನ್ನತ್ತ ತಿರುಗಿ, ಇಡುವಾಗ ಗಾಜು ನೋಡಿದ್ದೆಯಾ ಎಂದು ಕೇಳಿದರು. ಅಷ್ಟು ಗಮನಿಸಲಿಲ್ಲ ಎಂದೆ. ಆರು ವರ್ಷದಲ್ಲಿ ಅವರಿಗೆ ನಾನು ಹೇಳಿದ ಮೊದಲ ಸುಳ್ಳು. ಸಂಧ್ಯಾ ನಡುವೆ ಬಂದು ತಪ್ಪೆಲ್ಲ ತನ್ನದೇ, ಅಕ್ಕನಿಗೆ ಪಾಪ ಹದಿನೈದು ಪಾತ್ರೆ ಜೋಡಿಸುವ ಗಡಿಬಿಡಿ ಇತ್ತು ಎಂದು ತನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೊಸದು ಮಾಡಲು ಸಮಯವಿರಲಿಲ್ಲ. ದೀಪಾವಳಿಗೆ ನಾನು ಮಾಡಿದ್ದ ಸಾದಾ ಮಡಕೆ, ರಂಗೋಲಿಯ ಎಳೆಯಂತೆ ತೂತು ಕೊರೆದದ್ದು, ಅದನ್ನೇ ಕಳಿಸುವುದೆಂದಾಯಿತು. ಆರು ವರ್ಷದಿಂದ ಕಾದಿದ್ದು ಕೈಗೆ ಬಂತು. ಆ ರಾತ್ರಿ ದೇವರ ಮುಂದೆ ತುಪ್ಪದ ದೀಪ ಹಚ್ಚಬೇಕೆಂದುಕೊಂಡವಳು ಎಣ್ಣೆಯದನ್ನೇ ಹಚ್ಚಿ ಎದ್ದೆ. ಮುಖ ಎತ್ತಿ ನೋಡಲಾಗಲಿಲ್ಲ.

ವಡೋದರಾಕ್ಕೆ ಜೊತೆ ಬಂದವಳೂ ಸಂಧ್ಯಾಳೇ. ರೈಲಿನಲ್ಲಿ ನನ್ನ ಮಡಕೆಯ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಕೆಳಗಿಡು ಎಂದರೂ ಇಡಲಿಲ್ಲ, ಗಾಡಿ ಅಲುಗಾಡತೈತ್ರಿ ಎಂದಳು. ನಡಿಯಾದ್ ದಾಟುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

"ಗಾಜು ಇಳಿಯುತ್ತೆ ಅಂತ ನನಗೆ ಗೊತ್ತಿತ್ತು ಸಂಧ್ಯಾ. ಗೊತ್ತಿದ್ದೂ ಒಳಗಿಟ್ಟೆ."

ಅವಳು ಕಿಟಕಿಯ ಆಚೆಯ ತಂಬಾಕಿನ ಹೊಲಗಳತ್ತ ತಿರುಗಿದಳು. ಪೆಟ್ಟಿಗೆಯ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

"ಅವತ್ತ ನೀವು ಬಾಗಲಕ್ಕ ಕುಂಕುಮ ಹಚ್ಚಲಿಲ್ರಿ" ಎಂದಳು. "ನಾ ನೋಡಿದ್ದೆ. ಕಡೀಗೆ ಆಗೀರೇನೋ ಅನ್ಕೊಂಡೆ."

ಮುಟ್ಟಿನ ದಿನ, ಅದಕ್ಕೇ ಕುಂಕುಮ ಮುಟ್ಟಲಿಲ್ಲ ಎಂದು ತಿಳಿದಿದ್ದಳು. ನನಗೆ ಆ ಕಾಟ ನಿಂತು ಎರಡು ವರ್ಷವಾಗಿತ್ತು. ಅದನ್ನೂ ಹೇಳಿದೆ. ಅವಳಿಗೆ ನಗು ಬಂತು, ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು. ವಡೋದರಾದಲ್ಲಿ ಇಳಿಯುವಾಗ, "ಹೊಟ್ಟಿಕಿಚ್ಚು ನನಗೂ ಐತ್ರಿ ಅಕ್ಕಾರ. ನಿಮ್ಮ ತೂತು ಎಲ್ಲಾ ಒಂದ ಸಮ. ನನಗ ಹಂಗ ಬರಂಗಿಲ್ಲ, ಅದಕ್ಕ ಗಾಜು ಹಚ್ಚೂದು" ಎಂದಳು.

ಪ್ರದರ್ಶನದಲ್ಲಿ ನನ್ನ ಮಡಕೆಯ ಮುಂದೆ ಜನ ನಿಂತರು, ಮುಂದೆ ಹೋದರು. ಒಬ್ಬ ಅಜ್ಜಿ ಕೈ ಜೋಡಿಸಿದರು. ಸಾಕೆನಿಸಿತು.

ಮರುದಿನ ಹಂಸಾಬೆನ್ನರಿಗೂ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದೆ. ಅವರು ಬೈಯಲಿಲ್ಲ. ಗಾಜು ಅಂಟಿದ ಹಲಗೆ, ಒಂದು ಉಳಿ, ಸುತ್ತಿಗೆ ತಂದು ನನ್ನ ಮುಂದಿಟ್ಟು ಒಳಗೆ ಹೋದರು. ಎರಡು ಮಧ್ಯಾಹ್ನ ಕೂತು ಕೆತ್ತಿದೆ. ಚೂರು ಕಣ್ಣಿಗೆ ಸಿಡಿಯದಂತೆ ನಮ್ಮವರ ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡಿದ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಹಲಗೆ ಉಳಿಯಿತು, ಮೈಮೇಲೆ ಗಾಯದ ಗುರುತು ಹೊತ್ತು. ಇವತ್ತಿಗೂ ಅದೇ ಹಲಗೆಯನ್ನು ನಾನು ಮೇಲಿನ ಸಾಲಿನಲ್ಲಿ, ಕಣ್ಣಿಗೆ ಬೀಳುವ ಹಾಗೆ ಇಡುತ್ತೇನೆ.

ಕಿಲ್ನ್ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಹೊಟ್ಟೆಕಿಚ್ಚನ್ನು ದೇವರೂ ಪೂರ್ತಿ ತೆಗೆಯುವುದಿಲ್ಲ, ಅದು ಇರಲಿ. ಆದರೆ ಕಂಡದ್ದನ್ನು ಬಾಗಿಲು ಹಾಕುವ ಮೊದಲು ಹೇಳಬೇಕು. ಒಳಗೆ ಸಾವಿರ ಡಿಗ್ರಿ ಏರಿದ ಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಬೊಬ್ಬೆ ಇನ್ನೂ ಮಾಯ್ದಿರಲಿಲ್ಲ, ಸಂಧ್ಯಾ ಫೋನ್ ಮಾಡಿದಳು. ಈ ಸಲ ಅಗಲ ತಟ್ಟೆ ಮಾಡಿದ್ದಾಳಂತೆ, ಗಾಜು ನಡುವೆ ಮಾತ್ರ. ಕಿಲ್ನ್‌ವರೆಗೆ ಹೊತ್ತು ತರುವಾಗ ಪುಡಿ ಚೆದುರದ ಹಾಗೆ ಹಿಡಿಯಲು ಒಂದಿಷ್ಟು ಗಂಜಿ ಬೇಕು, ತನ್ನ ಮನೆಯಲ್ಲಿ ಬರೀ ಕುಕ್ಕರ್ ಅನ್ನ ಎಂದಳು. ಆ ತಟ್ಟೆ ಚೆನ್ನಾಗಿ ಬರುತ್ತದೆ, ಕೇಳುವಾಗಲೇ ನನಗೆ ತಿಳಿಯಿತು. ಎದೆಯಲ್ಲಿ ಸಣ್ಣಗೆ ಚುರ್ ಎಂದಿತು.

ಕೆಳಗಿಡಲು ಹಳೆಯ ತಟ್ಟೆಯೊಂದನ್ನು ತೆಗೆದಿಡು, ಮರೀಬೇಡ ಎಂದು ಹೇಳಿ ಫೋನಿಟ್ಟೆ. ತೊಳೆದ ಅಕ್ಕಿಯನ್ನು ಆಗಲೇ ಕುಕ್ಕರಿಗೆ ಹಾಕಿದ್ದೆ. ಅದನ್ನು ತೆಗೆದು ಅಗಲ ಪಾತ್ರೆಗೆ ಸುರಿದು, ನೀರು ಎರಡು ಪಾಲು ಹೆಚ್ಚು ಹಾಕಿ, ಬಸಿಯುವ ಅನ್ನಕ್ಕಿಟ್ಟೆ.