ಮೋಡ ಇರುತ್ತದೆ ಎಂದವರು

ನಮ್ಮವರು ಹವಾಮಾನ ಕಚೇರಿಯಲ್ಲಿ ಮುನ್ಸೂಚನೆ ಬರೆಯುವವರು. ಒಲೆಯ ಮೇಲಿನ ಹಾಲು ಉಕ್ಕುವುದನ್ನು ಮೊದಲೇ ತಿಳಿಯಲಾರದ ಮನುಷ್ಯನಿಗೆ ಊರಿಗೆಲ್ಲ ನಾಳೆಯ ಆಕಾಶ ಹೇಳುವ ಕೆಲಸ ಕೊಟ್ಟಿದ್ದಾರಲ್ಲ ಎಂದು ನಾನು ಆಡಿಕೊಳ್ಳುತ್ತಿದ್ದೆ. ಅವರು ನಗುತ್ತಿದ್ದರು. ಈಗ ನಾನು ಆಡಿಕೊಳ್ಳುವುದಿಲ್ಲ, ಅವರೂ ನಗುವುದಿಲ್ಲ.

ಚಳಿಗಾಲ ಮುಗಿದು ವಸಂತ ಇನ್ನೂ ಕಾಲೂರದ ಹೊತ್ತಿನಲ್ಲಿ ಕೆಲವೊಮ್ಮೆ ಗಾಳಿಯ ಒತ್ತಡ ಏರಿ, ಏರಿದಲ್ಲೇ ಕೂತುಬಿಡುತ್ತದೆ. ಮಳೆಯಿಲ್ಲ, ಗಾಳಿ ಬೀಸುವುದಿಲ್ಲ. ಜನ ಒಳ್ಳೆ ಹವೆ ಎನ್ನುತ್ತಾರೆ. ಕಚೇರಿಯಲ್ಲೂ ಆಗ ಕಾಲು ಚಾಚಿ ಕೂರುವವರೇ ಹೆಚ್ಚು. ಆದರೆ ಮೋಡದ ಹೊದಿಕೆ ಇಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗಿ, ತಣ್ಣನೆಯ ಗಾಳಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಇವರ ಅಣ್ಣ, ನಮ್ಮ ಭಾವನ ಪ್ಲಮ್ ತೋಟ ಇರುವುದು ಅಂಥದೇ ತಗ್ಗಿನಲ್ಲಿ. ಹೂವಿನ ವಾರದಲ್ಲಿ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೂ ಆ ವರ್ಷ ಹಣ್ಣಿಲ್ಲ.

ಹಾಗಾಗಿ ವರ್ಷವೂ ಆ ವಾರ ಭಾವ ಪ್ರತಿ ಸಂಜೆ ತಮ್ಮನಿಗೆ ಫೋನ್ ಮಾಡುತ್ತಿದ್ದರು. "ಇವತ್ತು ರಾತ್ರಿ ಮೋಡ ಇರುತ್ತೇನೋ?" ಇರುತ್ತದೆ ಎಂದರೆ ಮಲಗುತ್ತಿದ್ದರು, ಇಲ್ಲ ಎಂದರೆ ಮರಗಳ ಸಾಲಿನಲ್ಲಿ ಸೌದೆ ಉರಿಸಿ ಬೆಳಗಿನವರೆಗೆ ಕಾಯುತ್ತಿದ್ದರು. ಟೀವಿಯವರಿಗೆಲ್ಲ ಅವರು ಸೊಪ್ಪು ಹಾಕಿದವರಲ್ಲ. ತಮ್ಮ ಹೇಳಿದರೆ ಮುಗಿಯಿತು.

ಒಂದು ವರ್ಷ ನಮ್ಮವರು ಎರಡು ರಾತ್ರಿ ಹೆಪ್ಪುಗಟ್ಟುತ್ತದೆ ಎಂದರು. ಭಾವ, ನಮ್ಮ ಓರಗಿತ್ತಿ ಇಬ್ಬರೂ ನಿದ್ದೆಗೆಟ್ಟು ಹೊಗೆ ಕುಡಿದರು. ಎರಡೂ ರಾತ್ರಿ ಎಲ್ಲಿಂದಲೋ ಮೋಡ ಬಂದು ಮುಚ್ಚಿಕೊಂಡಿತು.

"ಏನಪ್ಪಾ, ನಿನ್ನ ಕಂಪ್ಯೂಟರ್‌ಗೆ ನಮ್ಮನ್ನ ಕಂಡ್ರೆ ಆಗಲ್ವಾ? ನಿಮ್ಮಣ್ಣಂಗೆ ಕೆಮ್ಮು ಹಿಡಿದಿದೆ," ಎಂದರು ಓರಗಿತ್ತಿ ಫೋನಿನಲ್ಲಿ. ತಮಾಷೆಗೇ ಅಂದದ್ದು. ಇವರ ಮುಖ ಮಾತ್ರ ಚಿಕ್ಕದಾಯಿತು.

ಮೂರನೆಯ ದಿನ ಐದು ಮಾದರಿಗಳ ಲೆಕ್ಕ ಬಂತು. ಮಾದರಿ ಎಂದರೆ ಈಗಿನ ಗಾಳಿ, ಬಿಸಿ, ತೇವ ಉಣಿಸಿದರೆ ಮುಂದಿನದನ್ನು ಲೆಕ್ಕ ಹಾಕಿಕೊಡುವ ಕಂಪ್ಯೂಟರ್ ಪ್ರೋಗ್ರಾಂ. ಮೋಡ ರಾತ್ರಿಯಿಡೀ ನಿಲ್ಲುತ್ತದೆ ಎಂದವು ಐದೂ. ಆದರೆ ಐದಕ್ಕೂ ಉಣಿಸಿದ್ದು ಬೆಳಿಗ್ಗೆ ಆಕಾಶಕ್ಕೆ ಬಿಟ್ಟ ಅದೇ ಒಂದು ಬಲೂನು ಅಳೆದ ಅದೇ ತೇವ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಒಣಗಾಳಿ ಇಳಿದು ಮೋಡ ಅಂಚಿನಿಂದ ಚದುರತೊಡಗಿತ್ತು. ಕಿಟಕಿಯಾಚೆ ನೋಡಿದ್ದರೆ ಕಾಣುತ್ತಿತ್ತು. ಕಚೇರಿಗೆ ಬಂದ ಹೊಸಬರಿಗೆ ಇವರೇ ಹೇಳುತ್ತಿದ್ದ ಮಾತಿತ್ತು: "ಐದು ಸಾಕ್ಷಿ ಅಂದ್ಕೋಬೇಡಿ. ಒಬ್ಬನೇ ಐದು ಅಂಗಿ ಬದಲಾಯಿಸ್ಕೊಂಡು ಬಂದಿರ್ತಾನೆ."

ಸಂಜೆ ಫೋನ್ ಬಂದಾಗ ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ.

"ಮೋಡ ಇರುತ್ತಣ್ಣ. ಇವತ್ತಾದ್ರೂ ನೆಮ್ಮದಿಯಾಗಿ ಮಲಕ್ಕೊ."

ಅಣ್ಣ ಒಂದು ರಾತ್ರಿ ಮಲಗಲಿ, ಅತ್ತಿಗೆಯ ಬಾಯಿ ಮುಚ್ಚಲಿ. ಈ ಎರಡು ಆಸೆಗಳನ್ನೇ ಇವರು ಮುನ್ಸೂಚನೆ ಮಾಡಿಬಿಟ್ಟಿದ್ದರು.

ಬೆಳಿಗ್ಗೆ ನಮ್ಮ ಕಾರಿನ ಗಾಜಿನ ಮೇಲೆ ಬಿಳಿ ಪದರ ಕಂಡದ್ದೇ ತಡ, ತಟ್ಟೆ ಬಿಟ್ಟು ಎದ್ದರು. ತೋಟಕ್ಕೆ ಓಡಿದೆವು. ಹೂಗಳು ಮರದಲ್ಲೇ ಇದ್ದವು, ನೋಡಲು ಚೆನ್ನಾಗಿಯೇ ಇದ್ದವು. ಓರಗಿತ್ತಿ ಒಂದನ್ನು ಕಿತ್ತು ಉಗುರಿನಿಂದ ಸೀಳಿ ತೋರಿಸಿದರು. ನಡುವೆ ಕಪ್ಪಾಗಿತ್ತು. ಇವರು ಬಲೂನು, ತೇವ ಎಂದು ವಿವರಿಸಲು ಹೊರಟಾಗ ನನಗೆ ಮೈಯೆಲ್ಲ ಉರಿಯಿತು. ಕೈ ಅದುಮಿ ಸುಮ್ಮನಾಗಿಸಿದೆ. ಭಾವ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆವು.

"ಒಳಗೆ ಬನ್ನಿ, ಚಳಿ ಇದೆ," ಎಂದರು, ಅಷ್ಟೇ.

ಮರುವರ್ಷ ಹೂವಿನ ವಾರ ಬಂತು, ಫೋನ್ ಬರಲಿಲ್ಲ. ಸಂಜೆಯಾದರೆ ಇವರು ಫೋನನ್ನು ಎದುರಿಗಿಟ್ಟುಕೊಂಡು ಕೂರುತ್ತಿದ್ದರು. ಕೊನೆಗೆ ತಡೆಯಲಾರದೆ ಒಂದು ಸಂಜೆ ಹೊರಟೇಬಿಟ್ಟರು, ನಾನೂ ಹೋದೆ. ಮೋಡ ದಟ್ಟವಾಗಿ ಕವಿದು ಸಣ್ಣಗೆ ಹನಿಯುತ್ತಿತ್ತು. ಹೆಪ್ಪುಗಟ್ಟುವ ಮಾತೇ ಇರಲಿಲ್ಲ, ಅಷ್ಟು ನನಗೂ ಗೊತ್ತಾಗುತ್ತದೆ. ಭಾವ ಸಾಲು ಸಾಲಿಗೂ ಸೌದೆ ಒಟ್ಟಿ, ಕೆಮ್ಮುತ್ತ ನಿಂತಿದ್ದರು. ದಿನಾ ಹೀಗೇ, ಆಕಾಶ ಹೇಗಿದ್ದರೂ, ಎಂದರು ಓರಗಿತ್ತಿ.

"ಅಣ್ಣ, ಇವತ್ತು ಬೇಡ. ಹನಿ ಬೀಳ್ತಿದೆ, ನೀನೇ ನೋಡು."

"ಹೂಂ ಕಣಪ್ಪ, ನೋಡ್ದೆ," ಎಂದರು ಭಾವ, ಪ್ರೀತಿಯಿಂದಲೇ. ಆಮೇಲೆ ಒದ್ದೆ ಸೌದೆಗೆ ಇನ್ನಷ್ಟು ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು.