ಹಬ್ಬಕ್ಕೆ ಮುಂಚೆಯೇ ತೆಗೆದ ಡಬ್ಬಿ

ಸಿಡ್ನಿಯ ಗಿರಾವೀನ್‌ನ ಇಂಡಿಯನ್ ಅಂಗಡಿಯಲ್ಲಿ ಮೊನ್ನೆ ಕುಸ್ವಾರ್ ಪ್ಯಾಕೆಟ್ ಕಂಡೆ. ಮಂಗಳೂರಿನ ಕ್ರೈಸ್ತರು ಕ್ರಿಸ್ಮಸ್ಸಿಗೆಂದೇ ಮಾಡುವ ತಿಂಡಿ. ಅಕ್ಟೋಬರಿನಲ್ಲೇ ನಾಚಿಕೆಯಿಲ್ಲದೆ ಮಾರಾಟಕ್ಕಿಟ್ಟಿದ್ದರು. ಮೂಗಿನ ಹತ್ತಿರ ಹಿಡಿದೆ. ಕರಿದ ಹಿಟ್ಟು, ತೆಂಗಿನೆಣ್ಣೆ... ಬ್ಲ್ಯಾಕ್‌ಟೌನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾದರು.

ತೊಂಬತ್ತರ ದಶಕದ ಮಾತು. ಅಂಕಲ್ ಮಂಗಳೂರಿನವರು, ಫ್ಯಾಕ್ಟರಿಯಲ್ಲಿ ಫೋರ್‌ಮನ್. ನಮ್ಮ ಬೆಂಗಳೂರಿನ ಡಾಕ್ಟರು, ಇಂಜಿನಿಯರುಗಳೆಲ್ಲ ಕ್ರಿಕೆಟ್ಟೇ ವೇದ ಎಂದುಕೊಂಡಿದ್ದಾಗ ಈ ಮನುಷ್ಯ ಬೇಸ್‌ಬಾಲ್ ಹುಚ್ಚು ಹಿಡಿಸಿಕೊಂಡಿದ್ದರು. ಗ್ಲೌಸಿನ ಚರ್ಮಕ್ಕೆ ತೆಂಗಿನೆಣ್ಣೆ ತಿಕ್ಕುವರು. ಇಲ್ಲಿಯ ಜುಲೈ ಚಳಿಗೆ ಅದು ಬೆಳ್ಳಗೆ ಹೆಪ್ಪುಗಟ್ಟುವುದು. ಹೇಳಿದರೆ ಕೇಳುವ ಆಸಾಮಿಯಲ್ಲ. ಅವರ ಕ್ಲಬ್ಬಿನ ಕಮಿಟಿಯಲ್ಲಿ ನಾನೂ ಇದ್ದೆ. ಕ್ರಿಕೆಟ್ಟಿನವರು ನನ್ನನ್ನು ಹತ್ತಿರ ಸೇರಿಸಿರಲಿಲ್ಲ, ಬೇಸ್‌ಬಾಲ್‌ನವರಿಗೆ ಹೇಗೂ ಜನ ಸಿಗುತ್ತಿರಲಿಲ್ಲ.

ಆ ಕ್ಲಬ್ಬಿನಲ್ಲಿ ಎರಡು ಲೀಗುಗಳಿದ್ದವು, ಶನಿವಾರದ್ದೊಂದು, ಭಾನುವಾರದ್ದೊಂದು. ಸೀಸನ್ ಪೂರ್ತಿ ಒಂದರ ಟೀಮು ಇನ್ನೊಂದರ ಜೊತೆ ಆಡುವಂತಿರಲಿಲ್ಲ. ಕೊನೆಗೆ ಇಲ್ಲಿ ಗೆದ್ದವರಿಗೂ ಅಲ್ಲಿ ಗೆದ್ದವರಿಗೂ ಒಂದೇ ಒಂದು ಆಟ. ಸ್ಕೋರ್ ಬರೆಯುವವರು ಅಂಕಲ್. ಆ ದಿನಕ್ಕೆಂದು ಇಸ್ತ್ರಿ ಮಾಡಿದ ಬಿಳಿ ಶರ್ಟು, ಹೊಸದಾಗಿ ಚೂಪು ಮಾಡಿದ ನಾಲ್ಕು ಪೆನ್ಸಿಲ್. ಎದುರಿನವನು ಚೆಂಡು ಹೇಗೆ ಎಸೆಯುತ್ತಾನೋ ಯಾರಿಗೂ ಗೊತ್ತಿಲ್ಲ ಎನ್ನುವುದೇ ಅವರ ಸಂಭ್ರಮ. ವರ್ಷವಿಡೀ ಆ ಒಂದು ಆಟಕ್ಕೆ ಕಾಯುತ್ತಿದ್ದರು.

ಆಮೇಲೆ ನಮ್ಮ ಕ್ಲಬ್ಬಿನ ಬಿಳಿಯ ಪ್ರೆಸಿಡೆಂಟ್‌ಗೆ ಜ್ಞಾನೋದಯವಾಯಿತು. ಅಮೆರಿಕದಲ್ಲೇ ಎರಡು ಲೀಗಿನವರನ್ನು ಸೀಸನ್ ಮಧ್ಯೆ ಆಡಿಸುತ್ತಿದ್ದಾರೆ, ನಾವೂ ಆಡಿಸೋಣ, ಜನ ಬರುತ್ತಾರೆ, ಮೈದಾನದಲ್ಲಿ ಸುಟ್ಟು ಮಾರುವ ಸಾಸೇಜ್ ಖರ್ಚಾಗುತ್ತದೆ! ಆತನಿಗೆ ಆಟದಲ್ಲಿ ತಿಳಿದಿದ್ದದ್ದು ಸಾಸೇಜ್ ಒಂದೇ. ಕಮಿಟಿಯವರೋ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ವೋಟಿಗೆಂದು ಮೀಟಿಂಗ್ ಕರೆದರು. ಅಂಕಲ್ ನನ್ನ ಕಾರಿನಲ್ಲೇ ಬಂದರು.

"ಕುಸ್ವಾರನ್ನು ನವೆಂಬರಲ್ಲೇ ತಿಂದು ಮುಗಿಸಿದ್ರೆ ಕ್ರಿಸ್ಮಸ್ಸಿಗೆ ಎಂತ ಉಂಟು ಮಾರಾಯ್ರೆ? ನಿಮ್ಮ ವೋಟು ನನಗೇ ಅಲ್ವಾ?"

"ಡೌಟೇ ಬೇಡ ಅಂಕಲ್," ಎಂದೆ.

ಕೈಗಳು ಸಮಸಮ ಬಂದವು. ನನ್ನೊಬ್ಬನದು ಬಾಕಿ. ಪ್ರೆಸಿಡೆಂಟ್ ನನ್ನತ್ತ ತಿರುಗಿ, ಇಲ್ಲಿಯವರು ಗೆಳೆಯನನ್ನು ಕರೆಯುವ ಹಾಗೆ, 'ಮೇಟ್' ಎಂದ. ಅಷ್ಟೇ ಸಾಕಾಯಿತು. ಆ ಬಿಳಿಯರ ನಡುವೆ ನಾನೂ ಒಬ್ಬನಾಗಬೇಕಿತ್ತು... ಎತ್ತಿದೆ ಕೈ. ಒಂದು 'ಮೇಟ್'ಗೆ ನನ್ನನ್ನು ಮಾರಿಕೊಂಡೆ. ಅಂಕಲ್ ಸ್ಕೋರ್ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಟರು, ಬಸ್ ಹಿಡಿದು ಮನೆಗೆ ಹೋದರು.

ಆ ವರ್ಷ ಎರಡು ಲೀಗಿನವರೂ ಮಧ್ಯೆ ಮಧ್ಯೆ ಆಡಿದ್ದೇ ಆಡಿದ್ದು. ಮೊದಲ ಆಟಕ್ಕೆ ಜನ ಬಂದರು. ಮೂರನೆಯದಕ್ಕೆ ಆಟಗಾರರ ಹೆಂಡತಿಯರೂ ಬರಲಿಲ್ಲ. ಫೈನಲ್ಲಂತೂ ಹಳಸಿದ ಅನ್ನಕ್ಕೆ ಒಗ್ಗರಣೆ ಹಾಕಿದಂತಿತ್ತು. ಬೇಲಿಯ ಹತ್ತಿರ ಹತ್ತು ಜನ ನಿಂತಿದ್ದರು. ಸಾಸೇಜ್ ಸುಟ್ಟು ಕರಕಲಾಗಿತ್ತು.

ಅಂಕಲ್ ಮೆಲ್ಬರ್ನಿಗೆ, ಕ್ರಾನ್‌ಬರ್ನ್‌ನಲ್ಲಿದ್ದ ಮಗಳ ಹತ್ತಿರ ಹೋದರು. ಮರುವರ್ಷ ನವೆಂಬರಿನಲ್ಲಿ ಕೆಲಸದ ಮೇಲೆ ಆ ಕಡೆ ಹೋದವನು ಅವರ ಮನೆಗೂ ಹೋದೆ. ಕ್ಷಮೆ ಕೇಳಬೇಕೆಂದಿದ್ದೆ. ಕಾಫಿ ಕುಡಿದು ಮೆಲ್ಬರ್ನ್ ಚಳಿಯ ಬಗ್ಗೆ ಹರಟಿದೆ. ಮನೆಯೆಲ್ಲ ಕರಿದ ವಾಸನೆ. ಆಂಟಿ ಕುಸ್ವಾರ್ ಡಬ್ಬಿ ತಂದು ಮುಚ್ಚಳಕ್ಕೆ ಕೈ ಹಾಕಿದರು. ಅಂಕಲ್ ತಡೆದರು.

"ಈಗ ಬೇಡ. ಕ್ರಿಸ್ಮಸ್ಸಿಗೆ ಬನ್ನಿ, ಒಟ್ಟಿಗೆ ತಿನ್ನುವ."

ಮುದುಕನ ಹಟ ಎಂದು ಒಳಗೊಳಗೇ ನಕ್ಕೆ. ಆಯ್ತು ಅಂಕಲ್, ಬರ್ತೀನಿ ಎಂದೆ. ಹೋಗಲಿಲ್ಲ. ಪ್ರೆಸಿಡೆಂಟ್ ಮನೆಯಲ್ಲಿ ಬಾರ್ಬೆಕ್ಯೂ ಇತ್ತು.

ನಾನು ಬರುತ್ತೇನೆಂದು ಹೊಸ ವರ್ಷ ಕಳೆಯುವವರೆಗೂ ಅಂಕಲ್ ಆ ಡಬ್ಬಿ ತೆಗೆಯಲು ಬಿಡಲಿಲ್ಲವಂತೆ. ಅವರ ಮಗಳು ಹೇಳಿದ್ದು. ಹೇಳಿದ್ದು ಅಂಕಲ್‌ರನ್ನು ಮಣ್ಣು ಮಾಡಿದ ದಿನ...

ಮೊನ್ನೆಯ ಪ್ಯಾಕೆಟ್ಟನ್ನು ಕೊಂಡೆ. ಒಟ್ಟಿಗೆ ತಿನ್ನಲು ಕರೆದಿದ್ದವರು ಈಗಿಲ್ಲ, ಅವರ ಹೆಸರಿನಲ್ಲಾದರೂ ಡಿಸೆಂಬರಿನವರೆಗೆ ಇಡೋಣ ಎಂದುಕೊಂಡೆ. ಕಾರು ಪಾರ್ಕಿಂಗ್ ದಾಟುವ ಮೊದಲೇ ಒಡೆದು ತಿಂದಿದ್ದೆ.